ಮೂರು ಮುಂಜಾನೆಯ ಬಾಟ್ಲಿ

ಬೆಳಗಿನ ಮೊದಲ ಮೂತ್ರವನ್ನು ಬಾಟ್ಲಿಯಲ್ಲಿ ಹಿಡಿದು, ಟಿಫಿನ್ ಚೀಲದಲ್ಲಿಟ್ಟುಕೊಂಡು ಗದಗಿನಿಂದ ಹುಬ್ಬಳ್ಳಿಗೆ ಬಸ್ ಹತ್ತಿದ್ದೇನೆ. ಒಂದಲ್ಲ, ಸಾಲಾಗಿ ಮೂರು ದಿನ. ಅಣ್ಣಿಗೇರಿ ದಾಟುವಾಗ ಪಕ್ಕದವರು, "ಡಬ್ಬಿ ಕಟಗೊಂಡು ಹೊಂಟೀರೇನ್ರಿ?" ಅಂದರು. "ಹೂಂ ರೀ" ಅಂದೆ. ಮತ್ತೇನು ಹೇಳಲಿ?

ಮೂತ್ರದಲ್ಲಿ ಟಿಬಿ ರೋಗಾಣು ಇದೆಯಾ ಅಂತ ನೋಡುವ ಆ ಪರೀಕ್ಷೆ ಗದಗಿನಲ್ಲೂ ಆಗುತ್ತಿತ್ತು. ಆದರೆ ನಾನು ಬೆಟಗೇರಿಯ ಸೀರೆ ಅಂಗಡಿಯಲ್ಲಿ 14 ವರ್ಷದಿಂದ ಕೂತವನು. ಊರಲ್ಲಿ ಅರ್ಧ ಜನ ಗುರುತು. ಬೀಜದ ಚೀಲದಲ್ಲಿ ಗಂಟು ಅಂತ ಅವರ ಎದುರು ಚೀಟಿ ಮಾಡಿಸೋದು ಹೇಗೆ?

ಗಂಟು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಬಲಗಡೆ, ಬೀಜದ ಹಿಂದೆ, ಹುಣಸೆಬೀಜದಷ್ಟು ಗಟ್ಟಿ. ನೋವೇ ಇರಲಿಲ್ಲ, ಅದಕ್ಕೇ ಬಿಟ್ಟೆ. ಆಮೇಲೆ ಒಂದು ಕ್ಲಿನಿಕ್‌ನಲ್ಲಿ, ಪ್ಯಾಂಟ್ ಸಡಿಲಿಸುವ ಮುಂಚೆಯೇ ಸೋಂಕು ಅಂತ ಆಂಟಿಬಯಾಟಿಕ್ ಬರೆದುಕೊಟ್ಟರು. ಬಾವು ಸ್ವಲ್ಪ ಇಳಿಯಿತು, ಮತ್ತೆ ಬಂತು. ಇನ್ನೊಂದು ಕೋರ್ಸ್, ಅದೇ ಕಥೆ. ಆ ಜಾತಿಯ ಕೆಲವು ಔಷಧಿ ಟಿಬಿ ರೋಗಾಣುವನ್ನೂ ಸ್ವಲ್ಪ ದಿನ ಅದುಮಿಡುತ್ತವೆ, ಅದರಿಂದ ಗುರುತು ಸಿಗೋದು ತಡವಾಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ.

ಹುಬ್ಬಳ್ಳಿಯ ಡಾಕ್ಟರು ಕೈಯಿಟ್ಟು ನೋಡಿದರು. ಗಂಟಿನಿಂದ ಮೇಲಕ್ಕೆ ಹೋಗುವ ನಾಳ ಮಣಿ ಪೋಣಿಸಿದ ದಾರದಂತೆ ಸಿಗುತ್ತಿದೆ ಅಂದರು. ಮೂತ್ರದಲ್ಲಿ ಕೀವಿನ ಕಣ ಇತ್ತು, ಆದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಮಾಮೂಲಿ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. "ಇಂಥಾದ್ದ ಕಂಡರ ಟಿಬಿ ನೆನಪಾಗ್ಬೇಕ್ರಿ," ಅಂದರು. ಕ್ಯಾನ್ಸರ್ ಇರಬಹುದಾ ಅಂತಲೂ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮಾಡಿಸಿದರು. ಆ ವಾರ ನಾನು ಊಟ ಮಾಡಿದ್ದು ನೆನಪಿಲ್ಲ.

ಎರಡನೇ ದಿನದ ಬಾಟ್ಲಿಯಲ್ಲೇ ರೋಗಾಣು ಸಿಕ್ಕಿತು. ಟಿಬಿ ಅಂದರೆ ಕೆಮ್ಮು ಅಂತಷ್ಟೇ ತಿಳಿದಿದ್ದೆ. ಎಂದೋ ಉಸಿರಿನಲ್ಲಿ ಒಳಗೆ ಹೋದ ರೋಗಾಣು ರಕ್ತದಲ್ಲಿ ಹರಿದು ಕಿಡ್ನಿಯಲ್ಲೋ, ಬೀಜದ ಹಿಂದಿನ ನಾಳದಲ್ಲೋ ಕೂತು, ವರ್ಷಗಟ್ಟಲೆ ಸುಮ್ನಿದ್ದು ಏಳುತ್ತದಂತೆ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಎಚ್‌ಐವಿ, ಶುಗರ್ ಎರಡೂ ಇರಲಿಲ್ಲ.

ಮನೆಯವಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. "ಮತ್ತ ಇಷ್ಟ್ ದಿನಾ ಯಾಕ ಹೇಳಲಿಲ್ರಿ?" ನಮಗೆ ಒಬ್ಬಳು ಮಗಳಿದ್ದಾಳೆ. ಎರಡೂ ಕಡೆಯ ನಾಳ ಕಟ್ಟಿಕೊಂಡರೆ ಮಕ್ಕಳಾಗೋದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ನನಗೆ ಒಂದೇ ಕಡೆ ಇತ್ತು. ಅವಳನ್ನೂ ಮಗಳನ್ನೂ ತಪಾಸಣೆಗೆ ಕರೆದುಕೊಂಡು ಹೋದೆ, ಇಬ್ಬರಿಗೂ ಏನೂ ಇರಲಿಲ್ಲ.

ಇಷ್ಟೆಲ್ಲ ಕದ್ದುಮುಚ್ಚಿ ಮಾಡಿದ ಮೇಲೆ ಏನಾಯ್ತು ಗೊತ್ತಾ? ನನ್ನ ಹೆಸರು ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ಪಟ್ಟಿ ನಿಕ್ಷಯ್‌ನಲ್ಲಿ ಏರಿತು, ಮಾತ್ರೆ ನಮ್ಮ ಓಣಿಯ ಆರೋಗ್ಯ ಕೇಂದ್ರಕ್ಕೇ ಬಂತು. ಕೊಡುವ ಆಶಾ ಕಾರ್ಯಕರ್ತೆ ಅಕ್ಕ ನಮ್ಮಂಗಡಿಯ ಗಿರಾಕಿ! "ಹೊಟ್ಟೀ ಖಾಲಿ ಇದ್ದಾಗ ತಗೋರಿ ಅಣ್ಣಾ, ಬಿಡಬ್ಯಾಡ್ರಿ" ಅಂದಳು, ಅಷ್ಟೇ. ಎಲ್ಲಿ ಟಿಬಿ ಅಂತ ಕೇಳಲೂ ಇಲ್ಲ.

ಎಲ್ಲಾ ಪುಕ್ಕಟೆ. 54 ಕೆಜಿ ತೂಕಕ್ಕೆ ದಿನಕ್ಕೆ 4 ಮಾತ್ರೆ. 2 ತಿಂಗಳು ನಾಲ್ಕು ಔಷಧಿ ಸೇರಿದ್ದು, 4 ತಿಂಗಳು ಮೂರು ಸೇರಿದ್ದು. ಪೌಷ್ಟಿಕ ಊಟಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣ. ಮುಂಚೆಯೇ ಹೇಳಿರದಿದ್ದರೆ ಎದೆ ಒಡೆಯುತ್ತಿತ್ತು. ಮಾತ್ರೆಯಿಂದ ಕಣ್ಣು ಹಳದಿಯಾದರೆ, ಕೆಂಪು-ಹಸಿರು ಬಣ್ಣ ಸರಿಯಾಗಿ ಕಾಣದಿದ್ದರೆ ಕೂಡಲೇ ಬನ್ನಿ ಅಂದಿದ್ದರು. ಸೀರೆ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇಕಾ? ದಿನಾ ಶಟರ್ ಎತ್ತಿದ ಕೂಡಲೇ ಕೆಂಪಂಚಿನದೊಂದು, ಹಸಿರಂಚಿನದೊಂದು ಸೀರೆ ಬಿಡಿಸಿ ಗಲ್ಲಾದ ಮೇಲೆ ಹರವುತ್ತಿದ್ದೆ.

ಆರು ತಿಂಗಳು ಮುಗಿದಿದೆ. ಗಂಟು ಕಡಲೆಕಾಳಿನಷ್ಟು ಉಳಿದಿದೆ, ಅದು ಬರೀ ಕಲೆ ಅಂದಿದ್ದಾರೆ. ಸೀರೆ ಬಿಡಿಸೋ ಚಟ ಮಾತ್ರ ಹೋಗಿಲ್ಲ.