ಟಪಾಲಿನಲ್ಲಿ ಬಂದ ಕೆರಿ ಅಳ್ಳು

ಸಂಜೆ ಐದಕ್ಕೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಮಿರ್ಚಿ ಕರಿಯುವ ವಾಸನೆ. ನಾನು ಶಹಾಬಾದ್ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಕಲಿಸುತ್ತೇನೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದರೆ ಮುಗಿಯಿತು. ಸಂಜೆ ಬಸ್ಸಿನಲ್ಲಿ ಮುಕ್ಕಾಲು ತಾಸು ನಿಂತು ಬರುವಷ್ಟರಲ್ಲಿ ಹೊಟ್ಟೆ ತಳ ಹಿಡಿದಿರುತ್ತದೆ. ಒಂದು ಪ್ಲೇಟ್ ಸುಸಲಾ, ಮೇಲೆ ಎರಡು ಮಿರ್ಚಿ, ಆಮೇಲೆ ಚಹಾ. ವರ್ಷಗಟ್ಟಲೆ ಇದೇ ನಡೆದಿತ್ತು.

ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದಲ್ಲ, ಎಚ್‌ಬಿಎ ಒನ್ ಸಿ, ಅದು 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಶುಗರ್ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ ಅಂತ ಅರ್ಥ. 6.5 ಆದರೆ ಒಳಗೆ ಬಂದ ಹಾಗೆ. ಅಪ್ಪನಿಗೆ ಶುಗರ್ ಇತ್ತು. ಅವರ ಕೊನೆಯ ವರ್ಷಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಚೀಟಿ ಕೈಯಲ್ಲಿ ಹಿಡಿದಾಗ ನಿಜವಾಗಲೂ ಭಯವಾಯಿತು. ಡಾಕ್ಟರು ಎರಡೇ ಮಾತು ಹೇಳಿದರು: ದಿನಾ ನಡೀರಿ, ಸಂಜೆಯ ಕರಿದದ್ದು ಬಿಡ್ರಿ.

ನಡಿಗೆ ಕಷ್ಟವಾಗಲಿಲ್ಲ. ಕಲಬುರಗಿಯ ಶರಣಬಸವೇಶ್ವರ ಕೆರೆಗೆ ಜನ ಅಪ್ಪನ ಕೆರೆ ಅನ್ನುತ್ತಾರೆ, ಬೆಳಿಗ್ಗೆ ಅದರ ಕಡೆ ಹೋಗಿ ಬರತೊಡಗಿದೆ. ಬಸ್ ನಿಲ್ದಾಣದ ಐದು ಗಂಟೆಯೇ ಕಷ್ಟ. ಆಗ ಶಾಲೆಯ ಗೆಳತಿಯೊಬ್ಬಳು ಮೊಬೈಲ್ ತೋರಿಸಿದಳು. ಬೆಂಗಳೂರಿನ ಒಂದು ಕಂಪನಿ ತಿಂಗಳಿಗೊಂದು ತಿನಿಸಿನ ಡಬ್ಬಿ ಕಳಿಸುತ್ತದೆ. ಒಳಗೆ 20 ಪಾಕೀಟು, ಒಂದೊಂದು 30 ಗ್ರಾಂ. ಕರಿದದ್ದು ಒಂದೂ ಇಲ್ಲ. ತಿಂಗಳಿಗೆ 799 ರೂಪಾಯಿ. ಲೆಕ್ಕ ಹಾಕಿದರೆ ಪಾಕೀಟಿಗೆ ಸುಮಾರು 40 ಬೀಳುತ್ತದೆ, ಅಗ್ಗ ಅಲ್ಲ. ಆದರೂ ಮೂರು ತಿಂಗಳು ನೋಡೋಣ ಅಂತ ಸೇರಿದೆ. 585ರಿಂದ ಶುರುವಾಗುವ ನಮ್ಮ ಪಿನ್‌ಕೋಡಿಗೆ ಅವರು ಸ್ಪೀಡ್ ಪೋಸ್ಟಿನಲ್ಲೇ ಕಳಿಸುತ್ತಾರೆ.

ಮೊದಲ ಡಬ್ಬಿ ಫೆಬ್ರವರಿಯಲ್ಲಿ ಬಂತು. ನಾನು ತರಗತಿಯಲ್ಲಿದ್ದೆ. ಪೋಸ್ಟ್‌ಮನ್ ಫೋನ್ ಮಾಡಿ, 'ಮೇಡಂ, ಪಾರ್ಸಲ್ ಅದ, ಮನ್ಯಾಗ ಯಾರರೆ ಇದ್ದಾರೇನ್ರಿ?' ಅಂದರು. ಅವ್ವ ಇದ್ದಾಳೆ ಅಂದೆ. ಮನೆಯಲ್ಲಿ ನಾವಿಬ್ಬರೇ ಇರುವುದು.

ಸಂಜೆ ಮನೆಗೆ ಬಂದಾಗ ಡಬ್ಬಿ ಕಟ್ಟೆಯ ಮೇಲಿತ್ತು, ಅವ್ವ ಅದರ ಪಕ್ಕದಲ್ಲಿ ಕೂತಿದ್ದಳು. ಬಿಚ್ಚಿದೆವು. ಹುರಿದ ಕುಂಬಳ ಬೀಜ, ಮಸಾಲೆ ಕಡಲೆ, ಅಗಸಿ ಹಾಕಿದ ತೆಳು ಬಿಸ್ಕತ್ತು, ಬೆಲ್ಲ ಹಚ್ಚಿದ ಗೋಡಂಬಿ, ಜೋಳದ ಪಫ್, ಓಟ್ಸ್ ಮತ್ತು ಚಾಕೊಲೇಟಿನ ಬಾರ್, ಮೆಣಸು ಹಾಕಿ ಹುರಿದ ಮಖಾನಾ. ಅವ್ವ ಒಂದೊಂದನ್ನೇ ಮುಟ್ಟಿ ನೋಡಿದಳು. ಅಗಸಿ, ಜೋಳ, ಕಡಲೆ ಎಲ್ಲ ಅವಳು ಕಂಡದ್ದೇ. ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ ನಲವತ್ತು ವರ್ಷ ಹೊಲ ನೋಡಿಕೊಂಡವಳು. ಮಖಾನಾ ಮಾತ್ರ ಗುರುತು ಸಿಗಲಿಲ್ಲ.

ಇಲ್ಲಿ ಅವ್ವನ ಬಾಯಿಯ ವಿಷಯ ಹೇಳಬೇಕು. ಅವಳಿಗೆ 74. ಹಲ್ಲು ಹೋಗಿ ಆರು ವರ್ಷವಾಯಿತು. ಹಲ್ಲಿನ ಸೆಟ್ ಮಾಡಿಸಿದೆವು, ವಸಡು ಒತ್ತುತ್ತದೆ ಅಂತ ಹಾಕಿಕೊಳ್ಳುವುದಿಲ್ಲ. ರೊಟ್ಟಿಯನ್ನು ಹಾಲಿನಲ್ಲೋ ಬ್ಯಾಳಿಯಲ್ಲೋ ನೆನೆಸಿ ತಿನ್ನುತ್ತಾಳೆ. ಕಡಕ್ ರೊಟ್ಟಿ, ಹುರಿದ ಶೇಂಗಾ, ಚಳಿಗಾಲದಲ್ಲಿ ಸುಟ್ಟು ತಿನ್ನುವ ಎಳೆ ಜೋಳದ ಸೀತನಿ, ಅವಳು ಪ್ರಾಣ ಬಿಡುತ್ತಿದ್ದ ಎಲ್ಲವೂ ಒಂದೊಂದಾಗಿ ನಿಂತುಹೋಗಿದ್ದವು. ಎರಡು ಊಟದ ನಡುವೆ ಏನೂ ತಿನ್ನುತ್ತಿರಲಿಲ್ಲ. ಕೇಳಿದರೆ, 'ಹಸಿವಿ ಇಲ್ಲವ್ವ' ಅನ್ನುವಳು. ನಾನೂ ಅದನ್ನೇ ನಂಬಿದ್ದೆ.

ಮಖಾನಾ ಪಾಕೀಟು ಹರಿದು ಒಂದು ಕಾಳು ಕೊಟ್ಟೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಬಾಯಿಗೆ ಹಾಕಿಕೊಂಡಳು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದಳು. ಒಳಗೆ ಅದು ಚುರ್ ಅಂದದ್ದು ನನಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ಚಾಚಿದಳು.

'ಹಲ್ಲೇ ಬೇಕಾಗಿಲ್ಲ ಇದಕ್ಕ. ಇನ್ನೊಂದ್ ಕೊಡು.'

ಪಾಕೀಟು ಖಾಲಿಯಾಯಿತು. ಯಾವ ಹೊಲದಲ್ಲಿ ಬೆಳೆಯುತ್ತಾರೆ ಅಂತ ಕೇಳಿದಳು. ಹೊಲದಲ್ಲಲ್ಲ ಅವ್ವಾ, ಬಿಹಾರದ ಕೆರೆಗಳಲ್ಲಿ ಅಂದೆ. ಮುಳ್ಳಿನ ಎಲೆಯ ನೀರಗಿಡ. ಕಪ್ಪು ಬೀಜ ತಳಕ್ಕೆ ಬೀಳುತ್ತವೆ, ಜನ ನೀರಿಗಿಳಿದು ಆರಿಸಿ ತೆಗೆಯುತ್ತಾರೆ. ಒಣಗಿಸಿ, ಬಿಸಿ ಬಾಣಲೆಯಲ್ಲಿ ಹುರಿದು, ಬಿಸಿ ಇರುವಾಗಲೇ ಕಟ್ಟಿಗೆಯಿಂದ ಬಡಿದರೆ ಒಳಗಿನ ಬಿಳಿ ತಿರುಳು ಅರಳಿ ಹೊರಗೆ ಬರುತ್ತದೆ. ಅವ್ವ ತಲೆಯಾಡಿಸಿದಳು. 'ಪಂಚಮಿಗೆ ನಾವು ಜೋಳದ ಅಳ್ಳು ಹುರೀತೀವಲ್ಲ, ಹಂಗೇ ಅದ. ಇದು ಕೆರಿ ಅಳ್ಳು.' ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕೆರಿ ಅಳ್ಳು. ಇದು ಇಂಥ ಸೀಮೆಯದೇ ಅಂತ ಸರ್ಕಾರ ಕೊಡುವ ಜಿಐ ಗುರುತು ನಮ್ಮ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಹಾಗೆ ಬಿಹಾರದ ಮಿಥಿಲೆಯ ಮಖಾನಾಕ್ಕೂ 2022ರಲ್ಲಿ ಸಿಕ್ಕಿದೆ. ಅದನ್ನೂ ಹೇಳಿದೆ. ಅವಳಿಗೆ ಖುಷಿಯಾಯಿತು.

ನನ್ನ ಮಟ್ಟಿಗೆ ಡಬ್ಬಿ ಬೇರೆ ರೀತಿ ಉಪಯೋಗಕ್ಕೆ ಬಂತು. ಬ್ಯಾಗಿನಲ್ಲಿ ಪಾಕೀಟು ಇರುತ್ತದೆ ಅನ್ನುವುದೇ ಅರ್ಧ ಬಲ. ಬಸ್ ಊರು ಮುಟ್ಟುವ ಮೊದಲೇ ತಿಂದರೆ ಮಿರ್ಚಿ ವಾಸನೆ ಅಷ್ಟು ಎಳೆಯುವುದಿಲ್ಲ. ಇನ್ನೊಂದು, 30 ಗ್ರಾಂ ಅಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಯಿತು. ನೋಟ್‌ಬುಕ್ ತಿದ್ದುತ್ತಾ ಶೇಂಗಾ ಡಬ್ಬಿಗೆ ಕೈ ಹಾಕುವ ರೂಢಿ ನನಗೆ. ಮನೆಯ ಶೇಂಗಾ, ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ನನ್ನ ಮೂರು ಮುಟಗಿ 110 ಗ್ರಾಂ ತೂಗಿತು. 100 ಗ್ರಾಂ ಶೇಂಗಾಕ್ಕೆ ಸುಮಾರು 570 ಕ್ಯಾಲರಿ. ಮಧ್ಯಾಹ್ನ ತಿನ್ನುವ ಎರಡು ರೊಟ್ಟಿಗಿಂತ ಅದೇ ಜಾಸ್ತಿ! ಶೇಂಗಾದ ತಪ್ಪಲ್ಲ ಅದು, ಅಳತೆ ಇರಲಿಲ್ಲ ಅಷ್ಟೆ.

ಲೇಬಲ್ ಓದುವುದನ್ನೂ ಕಲಿತೆ. ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರಬೇಕು, ಅದು ನಿಯಮ. ಓಟ್ಸ್ ಬಾರಿನ ಮೇಲೆ 'ಬಿಳಿ ಸಕ್ಕರೆ ಇಲ್ಲ' ಅಂತ ದಪ್ಪ ಅಕ್ಷರದಲ್ಲಿತ್ತು. ಹಿಂದೆ ತಿರುಗಿಸಿದರೆ ಎರಡನೆಯದು ಖರ್ಜೂರದ ಸಿರಪ್, ಮೂರನೆಯದು ಬೆಲ್ಲ. ಒಂದು ಬಾರಿನಲ್ಲಿ 12 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಒಂದು ಬಾರ್ ತಿಂದರೇ ಹೋಯಿತು. ಬೆಲ್ಲವಾದರೂ ಖರ್ಜೂರದ ಸಿರಪ್ಪಾದರೂ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ಶುಗರ್ ಇರುವವರ ಕೈಗೆ ಇಂಥದ್ದನ್ನು ಆರೋಗ್ಯದ ತಿನಿಸು ಅಂತ ಕೊಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬಾರುಗಳನ್ನು ಶಾಲೆಯ ಗೆಳತಿಗೆ ಕೊಟ್ಟೆ, ಅವಳಿಗೆ ಏನೂ ತೊಂದರೆ ಇಲ್ಲ. ಮುಂದಿನ ತಿಂಗಳಿಂದ ಬಾರ್ ಬದಲು ಮಖಾನಾ ಹಾಕಿ ಅಂತ ಬರೆದೆ, ಎರಡು ಕಡಿಮೆ ಮಾಡಿದರು.

ಎರಡನೇ ಡಬ್ಬಿಯನ್ನು ಅವ್ವನ ಹೆಸರಿಗೆ ತರಿಸಿದೆ. ಹಗಲು ಮನೆಯಲ್ಲಿ ಇರುವವಳು ಅವಳೇ, ಸಹಿ ಮಾಡುವುದೂ ಅವಳೇ, ಅದಕ್ಕೆ. ನನಗೆ ಅದು ಬರೀ ಅನುಕೂಲದ ವಿಷಯವಾಗಿತ್ತು. ಹೋಳಿಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಆ ವಾರವೇ ಡಬ್ಬಿ ಬಂತು. ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಅವ್ವನ ಪೂರ್ತಿ ಹೆಸರು ಕೂಗಿದರಂತೆ. ಸಂಜೆ ಅದನ್ನು ನನಗೆ ಎರಡು ಸಲ ಹೇಳಿದಳು. ಅಪ್ಪನ ಹೆಸರಿಗೆ ಟಪಾಲು ಬರುತ್ತಿತ್ತು, ಆಮೇಲೆ ನನ್ನ ಹೆಸರಿಗೆ. ಅವಳ ಹೆಸರಿಗೆ ಇಷ್ಟು ವರ್ಷದಲ್ಲಿ ಏನು ಬಂದಿತ್ತು ಅಂತ ಎಷ್ಟು ನೆನಪಿಸಿಕೊಂಡರೂ ನನಗೆ ಹೊಳೆಯಲಿಲ್ಲ. ಡಬ್ಬಿಯ ಮೇಲಿನ ವಿಳಾಸದ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದು ದೇವರ ಜಗುಲಿಯ ಪಂಚಾಂಗದ ಒಳಗೆ ಇಟ್ಟಿದ್ದಳು.

ಮೂರನೇ ಡಬ್ಬಿ ಕೆಟ್ಟಿತು. ಏಪ್ರಿಲ್ ಕೊನೆ. ಕಲಬುರಗಿಯ ಬಿಸಿಲು ಗೊತ್ತಲ್ಲ, 42 ದಾಟಿತ್ತು. ನಮ್ಮ ಕಡೆ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಾವು ಊರಿಗೆ ಹೋಗಿದ್ದೆವು, ಪೋಸ್ಟ್‌ಮನ್ ಬಂದಾಗ ಮನೆಗೆ ಬೀಗ. ನಡುವೆ ರಜೆಯೂ ಬಂತು. ಒಟ್ಟು ಒಂಬತ್ತು ದಿನ ಬಿಸಿಲ ಊರಿನಲ್ಲಿ ಆ ಡಬ್ಬಿ ಸುತ್ತಿತ್ತು. ಅವ್ವ ಗೋಡಂಬಿ ಪಾಕೀಟು ಹರಿದು ಮೂಗಿನ ಹತ್ತಿರ ಹಿಡಿದಳು, ತಕ್ಷಣ ದೂರ ಮಾಡಿದಳು.

'ಕಮಟ ಹೊಡಿಲಾಕತ್ತದ. ತಿನಬ್ಯಾಡ.'

ಕುಂಬಳ ಬೀಜವೂ ಹಾಗೇ. ಎಣ್ಣೆ ಜಾಸ್ತಿ ಇರುವ ಕಾಳು, ಬೀಜ ಕಾವಿಗೆ ಬೇಗ ಕಮಟಾಗುತ್ತವೆ. ಚಾಕೊಲೇಟ್ ಸುಮಾರು 34 ಡಿಗ್ರಿಗೇ ಕರಗುತ್ತದೆ, ಬಾರುಗಳು ಕಾಗದಕ್ಕೆ ಅಂಟಿ ಹೋಗಿದ್ದವು. ಇದನ್ನು ಪೋಸ್ಟಿನವರ ಮೇಲೆ ಹಾಕಲಾರೆ, ಅವರು ಎರಡು ಸಲ ಬಂದಿದ್ದರು. ಬೇಸಿಗೆಯಲ್ಲಿ ಇಂಥ ಊರಿಗೆ ಏನು ಕಳಿಸಬೇಕು, ಏನು ಕಳಿಸಬಾರದು ಅಂತ ಕಳಿಸುವವರು ಯೋಚಿಸಬೇಕಿತ್ತು. ಫೋಟೊ ತೆಗೆದು ಬರೆದೆ. ಬೇರೆ ಡಬ್ಬಿ ಕಳಿಸುತ್ತೇವೆ ಅಂದರು. ಅದೇ ಬಿಸಿಲು, ಅದೇ ದಾರಿ, ಮತ್ತೆ ಅದೇ ಆಗುತ್ತದೆ, ಬೇಡ, ದುಡ್ಡು ವಾಪಸ್ ಹಾಕಿ ಅಂದೆ. ಹಾಕಿದರು. ಆದರೆ ಮರುವಾರವೇ ಮುಂದಿನ ತಿಂಗಳ 799 ನಾಳೆ ಕಡಿತವಾಗುತ್ತದೆ ಅಂತ ಮೆಸೇಜು ಬಂತು. ಇಂಥ ಆಟೋಪೇ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದು ಇದ್ದದ್ದು ಒಳ್ಳೆಯದಾಯಿತು. ಯುಪಿಐ ಆ್ಯಪಿನಲ್ಲಿ ಆಟೋಪೇ ಅನ್ನುವ ಜಾಗಕ್ಕೆ ಹೋಗಿ ನಿಲ್ಲಿಸಿದೆ. ಎರಡು ನಿಮಿಷದ ಕೆಲಸ.

ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ, 5.9. ನಡಿಗೆಯೂ ಇತ್ತು, ಮಿರ್ಚಿಯೂ ನಿಂತಿತ್ತು, ಡಬ್ಬಿಯಿಂದಲೇ ಅಂತ ಹೇಳಲಾರೆ.

ಅವ್ವನ ಕೈ ಖಾಲಿಯಾಗಬಾರದು ಅಂತ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಕಡೆ ಹೋದೆ. ಒಣಹಣ್ಣಿನ ಅಂಗಡಿಯಲ್ಲಿ ಕೇಳಿದರೆ 'ಫೂಲ್ ಮಖಾನಿನಾ?' ಅಂತ ತೆಗೆದು ಕೊಟ್ಟರು. ಇಷ್ಟು ವರ್ಷ ಅದೇ ಅಂಗಡಿಯ ಮುಂದೆ ಓಡಾಡಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಕಾಲು ಕಿಲೋ ತಂದು, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿದೆ. ಮೆಣಸಿನ ಪುಡಿ, ಚೂರು ಉಪ್ಪು. ಅವ್ವನಿಗೆ ಬಿಪಿ ಇದೆ, ಪಾಕೀಟಿನದರಲ್ಲಿ ಉಪ್ಪು ಜಾಸ್ತಿಯೇ ಇತ್ತು, ಇದರಲ್ಲಿ ನಮ್ಮ ಅಳತೆ. ರುಚಿಯೂ ಕಡಿಮೆ ಏನಿಲ್ಲ. ಚಹಾದ ಹೊತ್ತಿಗೆ ಒಂದು ಬಟ್ಟಲು ಹಾಕಿ ಕೊಡುತ್ತೇನೆ, ಒಂದೊಂದೇ ಅಂಗುಳಕ್ಕೆ ಒತ್ತಿ ತಿನ್ನುತ್ತಾಳೆ.

ಇನ್ನು ಡಬ್ಬಿ ಬೇಡ ಬಿಡು ಅವ್ವಾ, ಮನೆಯಲ್ಲೇ ಆಗುತ್ತದಲ್ಲ ಅಂದೆ. ಅವಳು ಬಟ್ಟಲಿನ ತಳದ ಮೆಣಸಿನ ಪುಡಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡಳು. ಹೊರಗಿನ ಬಿಸಿಲು ನೋಡಿದಳು.

'ಈಗ ಬ್ಯಾಡ. ಮಿರಗ ಕೂಡ್ಲಿ, ನಾಕ್ ಮಳಿ ಆಗ್ಲಿ, ಆಮ್ಯಾಲ ತರಸು. ನನ್ನ ಹೆಸರಿಲೇನೇ ತರಸು.'