ಪಿಸಿಓಡಿ ವಾಸಿ ಆಯ್ತಾ ಅಂತ ಕೇಳುವವರಿಗೆ

ಇಲ್ಲ. ವಾಸಿ ಆಗಿಲ್ಲ. ಆಗುವುದೂ ಇಲ್ಲ. ಪಿಸಿಓಡಿ ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪಿಸುವ ಅಂಡಾಶಯದ ತೊಂದರೆ. ನಾಟಿ ಔಷಧಿ ಕುಡಿದು ಮೂರು ವಾರ ಪಥ್ಯ ಮಾಡಿದರೆ ಇದು ಇಳಿದುಹೋಗಲ್ಲ.

11 ವರ್ಷದಿಂದ ಇದೇ ಪ್ರಶ್ನೆ. ಮದುವೆಗೆ ಮುಂಚೆ 'ಮದುವೆ ಆದ್ರೆ ಎಲ್ಲಾ ಸರಿ ಹೋಗುತ್ತೆ' ಅಂದರು. ಮದುವೆ ಆಯಿತು. ಈಗ 'ಒಂದು ಮಗು ಆದ್ರೆ ಸರಿ ಹೋಗುತ್ತೆ' ಅನ್ನುತ್ತಾರೆ. ಅದಾದ ಮೇಲೆ ಮನೆ ಕಟ್ಟಿಸಬೇಕೋ ಏನೋ.

ಹೋದ ವರ್ಷ ಹಾಸನದಲ್ಲಿ ನೆಂಟರ ಗೃಹಪ್ರವೇಶ. ಎರಡನೇ ಹೋಳಿಗೆ ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಇಟ್ಟೆ, ಅಷ್ಟೇ. ನಮ್ಮ ಸೋದರತ್ತೆಗೆ ಮೈಕ್ ಬೇಡ. ಎದುರು ಸಾಲಿನಿಂದಲೇ, 'ಅವಳಿಗೆ ಹಾಕ್ಬೇಡಿ, ಪಿಸಿಓಡಿ ಅವಳಿಗೆ! ಇನ್ನೂ ವಾಸಿ ಆಗ್ಲಿಲ್ವೇನೇ?' ಅಂದರು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಪಕ್ಕದ ಅಜ್ಜ ಮಾತ್ರ ಅನ್ನ ಕಲಸುವುದನ್ನು ನಿಲ್ಲಿಸಿ, 'ಪಿಯುಸಿನಾ ಮಗಳೇ? ಸೈನ್ಸೋ, ಕಾಮರ್ಸೋ?' ಅಂತ ಕೇಳಿದರು. ನನಗೆ ಆಗ 31. ಆವತ್ತು ಮರ್ಯಾದೆಯಿಂದ ಮಾತಾಡಿಸಿದವರು ಅವರೊಬ್ಬರೇ, ಅದಕ್ಕೇ ಸೈನ್ಸ್ ಅಂದೆ.

ಆಪರೇಷನ್ ಮಾಡಿಸಿ ಗಡ್ಡೆ ತೆಗೆಸಿಬಿಡು ಅನ್ನುವವರೂ ಇದ್ದಾರೆ. ಗಡ್ಡೆ ಎಲ್ಲಿದೆ? ಸ್ಕ್ಯಾನಿಂಗಿನಲ್ಲಿ ಗುಳ್ಳೆಗಳ ಹಾಗೆ ಕಾಣುವುದು ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತ ಅಂಡಾಣುವಿನ ಚೀಲಗಳು. ನನ್ನಂಥ ಎಷ್ಟೋ ಜನರಲ್ಲಿ ಮುಖ್ಯ ತಕರಾರು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು ಇನ್ಸುಲಿನ್‌ನದು. ದೇಹ ಅದರ ಮಾತು ಕೇಳುವುದಿಲ್ಲ, ಕೇಳಲಿಲ್ಲ ಅಂತ ಇನ್ನೂ ಜಾಸ್ತಿ ಇನ್ಸುಲಿನ್ ಬರುತ್ತೆ, ಅದು ಹೋಗಿ ಅಂಡಾಶಯದಲ್ಲಿ ಗಂಡು ಹಾರ್ಮೋನು ಜಾಸ್ತಿ ಮಾಡಿಸುತ್ತೆ, ಕೊನೆಗೆ ಮುಟ್ಟು ತಿಂಗಳುಗಟ್ಟಲೆ ನಾಪತ್ತೆ, ಗಲ್ಲದ ಮೇಲೆ ಕೂದಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಹೆರುವ ವಯಸ್ಸಿನ 100 ಹೆಂಗಸರಲ್ಲಿ 6ರಿಂದ 13 ಜನರಿಗೆ ಇದಿದೆ. ಅಂದರೆ ಆ ಪಂಕ್ತಿಯಲ್ಲೇ ಇನ್ನೂ ಇಬ್ಬರು ಮೂವರು ಸುಮ್ನೆ ಹೋಳಿಗೆ ತಿನ್ನುತ್ತಾ ಕೂತಿದ್ದಿರಬಹುದು.

ರಾತ್ರಿ ಊಟದ ಜೊತೆ ಮೆಟ್‌ಫಾರ್ಮಿನ್ ತಗೋತೀನಿ, ದೇಹ ಇನ್ಸುಲಿನ್ ಮಾತು ಕೇಳುವ ಹಾಗೆ ಮಾಡೋ ಮಾತ್ರೆ ಅದು (ಮೊದಲ ತಿಂಗಳ ಹೊಟ್ಟೆಯ ಕಥೆ ಬೇಡ). ನಡೀತೀನಿ. ಅನ್ನ ಕಮ್ಮಿ, ಕಾಳು ಜಾಸ್ತಿ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರ್ ಮಾತ್ರೆ ಕೊಟ್ಟು ಆಗುವ ಹಾಗೆ ಮಾಡುತ್ತಾರೆ. ಗರ್ಭಕೋಶದ ಒಳಪದರ ಹಾಗೇ ದಪ್ಪವಾಗುತ್ತಾ ಹೋದರೆ ಮುಂದೆ ಕ್ಯಾನ್ಸರಿನ ಭಯ ಇರುತ್ತೆ. ಮುದ್ದೆ ತಿಂದರೆ ಹೋಗುತ್ತೆ ಅನ್ನೋರಿಗೆ: ನಾನು ಮುದ್ದೆ ತಿಂದೇ ಬೆಳೆದವಳು, ಆದರೂ ಬಂತು.

ಒಬ್ಬರಾದರೂ 'ಸಕ್ಕರೆ ಟೆಸ್ಟ್ ಮಾಡಿಸಿದ್ಯಾ?' ಅಂತ ಕೇಳಬಾರದೇ? ನಮಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಹೈಸ್ಕೂಲಿನಲ್ಲಿದ್ದಾಗ ನನ್ನ ಕತ್ತಿನ ಹಿಂದೆ ಕಪ್ಪಾಗಿತ್ತು. ಕೊಳೆ ಅಂತ ಅಮ್ಮ ಪ್ರತಿ ಭಾನುವಾರ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಚರ್ಮ ಕಿತ್ತು ಬರುವ ಹಾಗೆ ಉಜ್ಜುತ್ತಿದ್ದರು. ಇನ್ಸುಲಿನ್ ಜಾಸ್ತಿ ಇರುವುದರ ಗುರುತು ಅದು. ಆರು ವರ್ಷ ಆದಮೇಲೆ ಒಬ್ಬ ಡಾಕ್ಟರ್ ಜಡೆ ಸರಿಸಿ ನೋಡಿ ಹೇಳಿದರು.

ಗೃಹಪ್ರವೇಶದ ದಿನ ಕೈ ತೊಳೆಯುವ ಕಡೆ ಅದೇ ಸೋದರತ್ತೆಯ ಮೊಮ್ಮಗಳು ನಲ್ಲಿಗೆ ಬಗ್ಗಿದ್ದಳು. ಒಂಬತ್ತನೇ ಕ್ಲಾಸು. ಕತ್ತು ಕಂಡಿತು. ಅತ್ತೆಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದೆ.

'ಅಯ್ಯೋ, ಸರಿಯಾಗಿ ಸ್ನಾನ ಮಾಡಲ್ಲ ಕಣೇ ಅವಳು' ಅಂದರು.