ಪಾಂಡರ್, ಪಾಂಟಿಫಿಕೇಟ್

ಗೆಳತಿಯೊಬ್ಬಳು ಇವತ್ತು ಮೆಸೇಜ್ ಮಾಡಿದ್ದಳು, ಯಾರೋ ಒಬ್ಬರು ವೇದಿಕೆ ಮೇಲೆ ನಿಂತು ಗಂಟೆಗಟ್ಟಲೆ 'ಪಾಂಡರ್' (ಇಂಗ್ಲಿಷ್‌ನ ponder) ಮಾಡಿದರಂತೆ. ಅವಳು ಹೇಳಬೇಕಿದ್ದದ್ದು ಪಾಂಟಿಫಿಕೇಟ್ (pontificate), ಅಂದರೆ ಎಲ್ಲ ಬಲ್ಲವರ ಗತ್ತಿನಲ್ಲಿ ಉಪದೇಶ ಮಾಡುವುದು. ಎರಡರ ಶುರುವೂ ಒಂದೇ ಥರ ಕೇಳುತ್ತದೆ, ಅರ್ಥ ಮಾತ್ರ ಎಷ್ಟು ದೂರ ನೋಡಿ.

ಪಾಂಡರ್ ಅಂದರೆ ಆಳವಾಗಿ ಯೋಚಿಸುವುದು. ಅದರ ಲ್ಯಾಟಿನ್ ಮೂಲದ ಅರ್ಥ ತೂಗುವುದು. ನಾವೂ ಅಳೆದು ತೂಗಿ ಅಂತೀವಲ್ಲ, ಅದೇ. ಒಂದು ವಿಚಾರ ಹಿಡಿದುಕೊಂಡು, ಇದರ ತೂಕ ಎಷ್ಟು, ಇದಕ್ಕೆ ಎದುರಾಗಿ ಏನಿದೆ ಅಂತ ಸುಮ್ನೆ ನೋಡುತ್ತಾ ಕೂರುವುದು.

ಪಾಂಟಿಫಿಕೇಟ್ ಬಂದದ್ದು ಹಳೇ ರೋಮ್‌ನ ಪಾಂಟಿಫೆಕ್ಸ್ ಅನ್ನುವ ಪುರೋಹಿತರ ಹುದ್ದೆಯಿಂದ. ಕ್ರಿ.ಪೂ. 63ರಲ್ಲಿ ಆ ಪುರೋಹಿತರಿಗೆಲ್ಲ ಜೂಲಿಯಸ್ ಸೀಸರ್ ಮುಖ್ಯಸ್ಥನಾದ. ಮುಂದೆ ಪೋಪ್‌ಗೂ ಆ ಹೆಸರು ಬಂತು. ಪೀಠದಲ್ಲಿ ಕೂತವರಿಗೆ ಯಾರೂ ಎದುರಾಡುವುದಿಲ್ಲ ಅಲ್ವಾ? ಪೀಠವೇ ಇಲ್ಲದೆ ಅದೇ ಗತ್ತಿನಲ್ಲಿ ಮಾತಾಡುವವರಿಗೂ ಈ ಕ್ರಿಯಾಪದ ಅಂಟಿಕೊಂಡಿತು.

ಬೇಜಾರೇನೆಂದರೆ, ಮಾತಿನ ಮಧ್ಯೆ ನಿಂತು 'ಇರಿ, ಇನ್ನೊಂದು ಸಲ ಯೋಚಿಸ್ತೀನಿ' ಅನ್ನುವವರನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗೆ ಕಮ್ಮಿ. ತಡೆಯಿಲ್ಲದೆ ಮಾತಾಡುವವರೇ ತಿಳಿದವರು ಅಂದುಕೊಳ್ಳುತ್ತೇವೆ. ನನಗಂತೂ ಆ 'ಇರಿ' ಅನ್ನುವವರ ಮೇಲೇ ನಂಬಿಕೆ ಜಾಸ್ತಿ. ನಿಮಗೆ ಅಂಥವರು ಯಾರಾದರೂ ಇದ್ದಾರಾ?